ನಮ್ಮವ್ವ ಸೈಯದಾನಿ ಅಲ್ಲ

ನ್ಯಾಮತಿಯ ನಮ್ಮ ಮನೆಯಲ್ಲಿ ಐದು ಜನ ಇದ್ದೆವು. ಅವರಲ್ಲಿ ನಾಲ್ವರು ಸೈಯದರು, ಒಬ್ಬಳು ಅಲ್ಲ. ಆ ಒಬ್ಬಳು ನಮ್ಮವ್ವ. ಈ ಸಂಗತಿ ನನಗೆ ಯಾವ ವಯಸ್ಸಿನಲ್ಲಿ ತಿಳಿಯಿತೆಂದು ಹೇಳಲಾರೆ. ನನ್ನ ಹೆಸರು ತಿಳಿದಷ್ಟೇ ಬೇಗ ತಿಳಿದಿರಬೇಕು. ಹೆಸರು ಹೇಳುವುದನ್ನು ನನಗೆ ಕಲಿಸಿದವರು ದಾದಿ, ಅಂದರೆ ಅಬ್ಬನ ತಾಯಿ. ಯಾರಾದರೂ ಕೇಳಿದರೆ ಬರೀ ಮೆಹರುನ್ನಿಸಾ ಅನ್ನಬಾರದು, ಸೈಯದಾ ಮೆಹರುನ್ನಿಸಾ ಅನ್ನಬೇಕು. ತಮ್ಮನನ್ನು ಬೇರೆಯವರ ಮುಂದೆ ಸೈಯದ್ ಯೂಸುಫ್ ಎಂದೇ ಹೇಳಬೇಕು. ಮುಂದಿನ ಆ ಒಂದು ಮಾತು ಬಿಟ್ಟು ಹೇಳುವುದೆಂದರೆ ತಲೆಯ ಮೇಲೆ ಸೆರಗಿಲ್ಲದೆ ಬೀದಿಗೆ ಇಳಿದಂತೆ ಎನ್ನುತ್ತಿದ್ದರು. ಇಷ್ಟು ಬರೆಯುವಾಗಲೇ ಗಮನಿಸಿದೆ, ದಾದಿಯನ್ನು ನಾನು ‘ಅವರು’ ಎನ್ನುತ್ತಿದ್ದೇನೆ, ಅವ್ವನನ್ನು ‘ಅವಳು’. ಪ್ರೀತಿಗೆ ಹಾಗೆ ಅನ್ನುತ್ತೇನೆ ಎಂದರೆ ಅರ್ಧ ಸುಳ್ಳು. ಆ ಮನೆಯಲ್ಲಿ ಬೆಳೆದ ಕೈ ಇದು, ಹಾಗೇ ಬರೆಯುತ್ತದೆ.

ಮನೆ ದೊಡ್ಡದೇನಲ್ಲ. ಮುಂದೆ ಒಂದು ಜಗಲಿ, ಅದರ ಪಕ್ಕದ ಅಂಗಳದಲ್ಲಿ ಅಬ್ಬನ ಕಲಾಯಿ ಒಲೆ ಮತ್ತು ಚರ್ಮದ ತಿದಿ. ಒಳಗೆ ನಡುಮನೆ, ಅಲ್ಲಿ ದಾದಿಯ ಮಂಚ. ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅಲ್ಲಿ ಅವ್ವ. ನಡುಮನೆಯಿಂದ ಹೊಸ್ತಿಲು ದಾಟಿ ಅಡುಗೆಮನೆಗೆ ಕಾಲಿಟ್ಟರೆ ನಮ್ಮ ಬಾಯಿಯ ಭಾಷೆಯೇ ಬದಲಾಗುತ್ತಿತ್ತು. ದಾದಿಯ ಎದುರು ಉರ್ದು, ಅವ್ವನ ಹತ್ತಿರ ಕನ್ನಡ. ದಾದಿಯ ಎದುರು ಅವ್ವನನ್ನು ‘ಅಮ್ಮಿ’ ಎಂದು ಕರೆಯಬೇಕು. ಅಡುಗೆಮನೆಯಲ್ಲಿ ಅವಳು ಅವ್ವ. ಅವಳು ಜಗಳೂರಿನ ಪಿಂಜಾರರ ಮಗಳು. ಹತ್ತಿ ಹಿಂಜಿ ಹಾಸಿಗೆ ತುಂಬುವ ಮನೆತನ, ಮಸೀದಿಗೆ ಹೋದರೂ ಮನೆಯಲ್ಲಿ ಕನ್ನಡವನ್ನೇ ಆಡುವ ಜನ. ಇಮಾಂಬಿ ಎಂಬ ಅವಳ ಹೆಸರನ್ನು ದಾದಿ ಬಳಸುತ್ತಿರಲಿಲ್ಲ. ‘ಜಗಳೂರಿನವಳು’ ಎನ್ನುತ್ತಿದ್ದರು. ಜಗಳೂರಿನವಳಿಗೆ ನೀರು ತರಲು ಹೇಳು, ಜಗಳೂರಿನವಳು ಇವತ್ತೂ ಉಪ್ಪು ಮರೆತಿದ್ದಾಳೆ, ಹೀಗೆ.

ಅಬ್ಬ ಕಲಾಯಿ ಹಾಕುವವರು. ತಾಮ್ರ ಹಿತ್ತಾಳೆಯ ಪಾತ್ರೆಗಳನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯ ಉಂಡೆಯಿಂದ ಒಂದು ಸುತ್ತು ಒರೆಸಿದರೆ ಕಪ್ಪಗಿದ್ದ ಒಳಮೈ ಬೆಳ್ಳಗೆ ಹೊಳೆಯುತ್ತಿತ್ತು. ಊರಲ್ಲಿ ಕೆಲಸ ಕಡಿಮೆಯಾದಾಗ ತಿದಿಯನ್ನು ಹೆಗಲಿಗೇರಿಸಿ ಸಾಸ್ವೆಹಳ್ಳಿ, ಹೊನ್ನಾಳಿ, ಸಂತೇಬೆನ್ನೂರಿನ ಸಂತೆ, ಒಮ್ಮೊಮ್ಮೆ ಜಗಳೂರಿನವರೆಗೂ ತಿರುಗುತ್ತಿದ್ದರು. ಜಗಳೂರಿನಲ್ಲಿ ಅರಳೆಗೆಂದು ಪಿಂಜಾರರ ಮನೆಗೆ ಹೋದವರು ಅಲ್ಲೇ ಜ್ವರ ಬಂದು ಮಲಗಿದರಂತೆ. ಒಂದು ತಿಂಗಳು ಆ ಮನೆಯವರು ಗಂಜಿ ಕುಡಿಸಿ ಉಳಿಸಿದರು. ಎದ್ದು ಕೂತ ಮೇಲೆ ಅಬ್ಬ ಆ ಮನೆಯ ಮಗಳನ್ನು ಕೇಳಿದರು. ಸೊಸೆಯನ್ನು ಹೊಸ್ತಿಲೊಳಗೆ ಕರೆದುಕೊಂಡರೂ ದಾದಿ ಮಗನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದರು. ಇದನ್ನು ನನಗೆ ಹೇಳಿದವರೂ ದಾದಿಯೇ, ತಮ್ಮ ಸಹನೆಗೆ ಸಾಕ್ಷಿಯಾಗಿ.

ಸೈಯದ್ ಎಂದರೇನು ಎಂದು ಕೇಳಿದರೆ ದಾದಿಗೆ ಆಯಾಸವಾಗುತ್ತಿರಲಿಲ್ಲ. ಆ ಮಾತಿಗೆ ಒಡೆಯ, ಯಜಮಾನ ಎಂದರ್ಥ. ಪೈಗಂಬರರ ಮಗಳು ಬೀಬಿ ಫಾತಿಮಾ, ಅವರ ಇಬ್ಬರು ಗಂಡುಮಕ್ಕಳು ಹಸನ್ ಮತ್ತು ಹುಸೇನ್, ಅವರ ಮಕ್ಕಳು, ಮೊಮ್ಮಕ್ಕಳು, ಹಾಗೆ ಇಳಿಯುತ್ತ ಇಳಿಯುತ್ತ ಬಂದ ರಕ್ತ ನಮ್ಮ ಮೈಯಲ್ಲಿದೆ. ಅದಕ್ಕೇ ಆ ಹೆಸರು. ಅವರ ಟ್ರಂಕಿನಲ್ಲಿ ವಂಶದ ಹೆಸರುಗಳನ್ನು ಬರೆದ ಉದ್ದನೆಯ ಕಾಗದವೊಂದಿತ್ತು. ಓದು ಬರುವ ಮೊದಲೇ ಬೆರಳಿಟ್ಟು ತೋರಿಸಿ ಹೇಳಿಸುತ್ತಿದ್ದರು. ಓದು ಬಂದ ಮೇಲೆ ನಾನು ಒಂದು ಸಂಗತಿ ಕಂಡುಕೊಂಡೆ. ಎಲ್ಲಕ್ಕಿಂತ ಮೇಲಿದ್ದ ಫಾತಿಮಾರ ಹೆಸರನ್ನು ಬಿಟ್ಟರೆ ಆ ಕಾಗದದಲ್ಲಿ ಇನ್ನೊಬ್ಬ ಹೆಂಗಸಿನ ಹೆಸರಿರಲಿಲ್ಲ. ದಾದಿಯದೂ ಇರಲಿಲ್ಲ. ಕೇಳಿದ್ದಕ್ಕೆ ಅವರು ಕಾಗದವನ್ನು ಸುತ್ತಿಡುತ್ತ, ಹೆಂಗಸರ ಹೆಸರು ದೇವರಿಗೆ ಗೊತ್ತಿದ್ದರೆ ಸಾಕು ಎಂದರು. ಊರಿನ ಲಿಂಗಾಯತ ವ್ಯಾಪಾರಿಗಳು ಅಬ್ಬನನ್ನು ‘ಸೈಯದ್ ಸಾಬ್ರೆ’ ಎಂದು ಕರೆಯುತ್ತಿದ್ದರು. ಅವರ ಪಾಲಿಗೆ ಅದೂ ಒಂದು ಹೆಸರು, ಬಸಪ್ಪ, ಈರಪ್ಪ ಇದ್ದ ಹಾಗೆ. ನಮ್ಮವರೇ ಕೆಲವರು ಅಬ್ಬನ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆ ಕೈಯಲ್ಲಿ ಯಾವಾಗಲೂ ಇದ್ದಿಲ ಮಸಿ ಇರುತ್ತಿದ್ದರಿಂದ ಅವರ ಹುಬ್ಬಿಗೂ ಒಂದಿಷ್ಟು ಮೆತ್ತುತ್ತಿತ್ತು.

ಗುರುವಾರ ಸಂಜೆ ದಾದಿಯ ಮಂಚದ ಮುಂದೆ ಲೋಬಾನದ ಹೊಗೆ. ಹಾಲು ಕುಡಿಯದ ಕೂಸು, ಬೆಚ್ಚಿಬೀಳುವ ಮಗು, ಇಂಥವನ್ನು ಎತ್ತಿಕೊಂಡು ಎಲ್ಲ ಜಾತಿಯ ಹೆಂಗಸರೂ ಬರುತ್ತಿದ್ದರು. ದಾದಿ ನೀರಿನ ಲೋಟದ ಮೇಲೆ ಓದಿ ಊದಿ ಕೊಡುತ್ತಿದ್ದರು, ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ನೀರನ್ನು ಬಾವಿಯಿಂದ ಸೇದಿ ತರುವವಳು ಅವ್ವ. ಓದಿದ ಮೇಲೆ ಅವಳು ಲೋಟ ಮುಟ್ಟುವಂತಿಲ್ಲ. ಊಟಕ್ಕೆ ಮೊದಲು ದಾದಿ, ಅಬ್ಬ, ಆಮೇಲೆ ನಾನು ಮತ್ತು ಯೂಸುಫ್. ಅವ್ವ ಎಲ್ಲರದೂ ಆದ ಮೇಲೆ ಒಲೆಯ ಪಕ್ಕದಲ್ಲಿ. ಇದನ್ನು ಯಾರೂ ನಿಯಮವೆಂದು ಹೇಳಿರಲಿಲ್ಲ, ಹಾಗೆ ನಡೆಯುತ್ತಿತ್ತು. ಅವಳು ಜೋಳದ ರೊಟ್ಟಿ ತಟ್ಟುವ ಸದ್ದಿಗೆ ದಾದಿ ಮುಖ ಸಿಂಡರಿಸುತ್ತಿದ್ದರು, ಮನೆ ಪಿಂಜಾರರ ಓಣಿಯಾಯಿತು ಎಂದು. ನನಗೆ ಈಗ ಆ ಸದ್ದೊಂದು ಕೇಳಿದರೆ ಸಾಕು ಅನ್ನಿಸುತ್ತದೆ. ಎರಡು ಅಂಗೈಗಳ ಆ ಸದ್ದು, ನಡುನಡುವೆ ಹಿಟ್ಟು ಉದುರಿಸಲು ಒಂದು ಚಣ ನಿಂತು, ಮತ್ತೆ ಶುರುವಾಗುವುದು. ಎಷ್ಟು ಮನೆಗಳಲ್ಲಿ ಎಷ್ಟು ಜನ ತಟ್ಟಿದ್ದನ್ನು ಕೇಳಿದ್ದೇನೆ, ಯಾವುದೂ ಅದಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಮಧ್ಯಾಹ್ನ ಏನೋ ಹಟಕ್ಕೆ ಬಿದ್ದು ಕಲಸಿದ ಹಿಟ್ಟಿನ ಮೇಲೆ ನೀರು ಚೆಲ್ಲಿದೆ. ಅವ್ವ ಬೆನ್ನಿಗೊಂದು ಏಟು ಕೊಟ್ಟಳು. ಇನ್ನೊಂದಕ್ಕೆ ಕೈ ಎತ್ತಿದಳು. ಆಗ ನಾನು ಹೇಳಿದೆ:

“ನೀ ನನ್ನ ಹೊಡಿಯಂಗಿಲ್ಲ. ನಾವು ಸೈಯದ್ರು. ನೀನಲ್ಲ.”

ಎತ್ತಿದ ಕೈ ಹಾಗೇ ಇಳಿಯಿತು. ಅವಳು ತಿರುಗಿ ಕೂತು, ನೀರಾದ ಹಿಟ್ಟಿಗೆ ಇನ್ನೊಂದಿಷ್ಟು ಹಿಟ್ಟು ಬೆರೆಸಿ ನಾದತೊಡಗಿದಳು. ನಾನು ನಡುಮನೆಗೆ ಬಂದಾಗ ದಾದಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹತ್ತಿರ ಕರೆದು, ದಿಂಬಿನ ಕೆಳಗಿನ ಗಂಟು ಬಿಚ್ಚಿ, ಒಂದು ಚೂರು ಕಲ್ಲುಸಕ್ಕರೆ ಬಾಯಿಗಿಟ್ಟರು. ನಾನು ಅದನ್ನು ಉಗುಳಲಿಲ್ಲ. ಕರಗುವವರೆಗೂ ಚೀಪಿದೆ. ಜೀವಮಾನದಲ್ಲಿ ಮಾಡಿದ ಎಷ್ಟೋ ತಪ್ಪುಗಳು ಮರೆತುಹೋಗಿವೆ, ಆ ಸಿಹಿ ಮರೆತಿಲ್ಲ. ಅವತ್ತಿನಿಂದ ಅವ್ವ ನನ್ನ ಮೇಲೆ ಕೈ ಮಾಡಲಿಲ್ಲ. ಜಡೆ ಹಾಕುವಾಗ ಸಿಕ್ಕು ಬಿಡಿಸಲು ಹಿಂದೆ ಜೋರಾಗಿ ಎಳೆಯುತ್ತಿದ್ದವಳು ಈಗ ಮೆಲ್ಲಗೆ, ಬೇರೆಯವರ ಮಗುವಿನ ತಲೆ ಬಾಚಿದಂತೆ ಬಾಚುತ್ತಿದ್ದಳು. ನನಗೆ ಹೊಡೆತವೇ ಬೇಕಾಗಿತ್ತು ಎನ್ನುವುದನ್ನು ಆಗ ಹೇಳಲು ಬರುತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ನಮ್ಮ ಮನೆಗೆ ಬಂದದ್ದು ತವರದ ಮೂಲಕ. ಮಲಯಾ ದೇಶದಿಂದ ಬರುತ್ತಿದ್ದ ತವರ ನಿಂತುಹೋಯಿತು. ಮೊದಲು ಬೆಲೆ ಏರಿತು, ಆಮೇಲೆ ಏರಿದ ಬೆಲೆಗೂ ಸಿಗದಾಯಿತು. ಅಬ್ಬ ಹಳೆಯ ಚೂರುಗಳನ್ನೆಲ್ಲ ಕರಗಿಸಿ ಸ್ವಲ್ಪ ದಿನ ನಡೆಸಿದರು. ಸೀಸ ಬೆರೆಸಿ ಹಾಕಿಕೊಡಿ, ಯಾರಿಗೆ ತಿಳಿಯುತ್ತದೆ ಎಂದು ಗಿರಾಕಿಯೊಬ್ಬರು ಸಲಹೆ ಕೊಟ್ಟರಂತೆ. ಅದು ಹೊಟ್ಟೆಗೆ ವಿಷ ಎಂದು ಅಬ್ಬ ಒಪ್ಪಲಿಲ್ಲ. ಒಂದು ದಿನ ತಿದಿಯನ್ನು ಒರೆಸಿ, ಎಣ್ಣೆ ಸವರಿ, ಅಟ್ಟದ ಮೇಲಿಟ್ಟು, ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಕೆಲಸಕ್ಕೆ ಹೋದರು. ಶುಕ್ರವಾರಕ್ಕೊಮ್ಮೆ ಬರುತ್ತಿದ್ದರು, ಕುತ್ತಿಗೆಯ ಹಿಂದೆ ಚರ್ಮ ಸುಲಿದಿರುತ್ತಿತ್ತು. ಗಿರಣಿ ವಾರದಲ್ಲಿ ಮೂರು ದಿನ ನಡೆದರೆ ಹೆಚ್ಚು. ನಮಗೆ ಕಾಳು ಕಡಿಮೆಯಾಗುತ್ತ ಬಂತು. ಮುದ್ದೆ ಹೋಗಿ ಅಂಬಲಿ, ಅಂಬಲಿಯೂ ತೆಳ್ಳಗಾಗಿ ಬೆಂದ ಅಣ್ಣೆ ಸೊಪ್ಪು. ಅಂಥದರಲ್ಲಿ ರಂಜಾನ್ ತಿಂಗಳು ಬಂತು. ಅವ್ವ, ದಾದಿ ಇಬ್ಬರೂ ಉಪವಾಸ ಹಿಡಿದರು. ಮಕ್ಕಳಿಗೆ ಉಪವಾಸವಿಲ್ಲ, ಆದರೆ ಹಗಲಿಗೂ ನಮಗೆ ತಿನ್ನಲು ಹೆಚ್ಚೇನಿರಲಿಲ್ಲ. ಯೂಸುಫನಿಗೆ ನಾಲ್ಕು ವರ್ಷ. ಅವನು ಅಳುವುದನ್ನು ಬಿಟ್ಟು ಗೋಡೆಗೊರಗಿ ಸುಮ್ಮನೆ ಕೂರತೊಡಗಿದ. ಅದನ್ನು ನೋಡಿದರೆ ಅವ್ವ ಕೆಲಸ ಬಿಟ್ಟು ಬಂದು ಅವನ ಮುಖ ಹಿಡಿದೆತ್ತಿ ಮಾತಾಡಿಸುತ್ತಿದ್ದಳು.

ನಮ್ಮ ಬೀದಿಯ ಕೊನೆಗೆ ಮೆಣಸಿನಕಾಯಿ ವ್ಯಾಪಾರದ ಖಾದರ್ ಸಾಹೇಬರ ಮನೆ. ಅವರು ಪ್ರತಿ ರಂಜಾನ್‌ನಲ್ಲಿ ಜಕಾತ್ ಕೊಡುತ್ತಿದ್ದರು. ಉಳ್ಳವರು ವರ್ಷಕ್ಕೊಮ್ಮೆ ಇಲ್ಲದವರಿಗೆಂದು ತೆಗೆದಿಟ್ಟು ಕೊಡಲೇಬೇಕಾದ ಪಾಲು ಅದು. ಅವರದು ಕಾಳಿನ ರೂಪದಲ್ಲಿ ಮನೆಮನೆಗೆ ಹೋಗುತ್ತಿತ್ತು. ನಮ್ಮ ಬಾಗಿಲನ್ನು ಮಾತ್ರ ದಾಟಿ ಮುಂದೆ ಹೋಗುತ್ತಿತ್ತು. ಸೈಯದರು ಜಕಾತ್ ತೆಗೆದುಕೊಳ್ಳುವಂತಿಲ್ಲ. ಪೈಗಂಬರರು ತಮ್ಮ ಮನೆಯವರಿಗೆ ಅದನ್ನು ನಿಷೇಧಿಸಿದ್ದರಂತೆ. ಪ್ರೀತಿಯಿಂದ ಕೊಟ್ಟ ಉಡುಗೊರೆ ಆಗಬಹುದು, ದಾನದ ಪಾಲು ಕೂಡದು. ಆ ವರ್ಷ ಖಾದರ್ ಸಾಹೇಬರ ಹೆಂಡತಿ ಜುಲೇಖಾಬಿಗೆ ಯೂಸುಫನ ಮುಖ ನೋಡಿ ಮನಸ್ಸು ತಡೆಯಲಿಲ್ಲ. ಕೆಲಸದಾಕೆಯ ತಲೆಯ ಮೇಲೆ ಒಂದು ಪುಟ್ಟಿ ಜೋಳ ಕಳಿಸಿದರು. ದಾದಿ ಬಾಗಿಲಿಗೆ ಬಂದು ಇದು ಯಾವ ಕಾಳು ಎಂದು ಕೇಳಿದರು. ಕೆಲಸದಾಕೆ ಸುಳ್ಳು ಹೇಳಲು ಬಾರದವಳು, ಜಕಾತಿಂದು ಎಂದಳು. ದಾದಿ ಪುಟ್ಟಿಯ ಅಂಚನ್ನು ಬೆರಳ ತುದಿಯಿಂದಲೂ ಮುಟ್ಟದೆ, ಜುಲೇಖಾಬಿಗೆ ನನ್ನ ದುವಾ ಹೇಳು, ಇದು ನಮಗೆ ಸಲ್ಲದು ಎಂದು ವಾಪಸ್ಸು ಕಳಿಸಿದರು. ಜುಲೇಖಾಬಿಯ ಮನೆಯಲ್ಲೂ ಆ ವರ್ಷ ಉಡುಗೊರೆ ಕೊಡುವಷ್ಟು ಬೇರೆ ಕಾಳಿರಲಿಲ್ಲ. ಇದ್ದದ್ದು ತೆಗೆದಿಟ್ಟ ಪಾಲು ಮಾತ್ರ. ಪುಟ್ಟಿ ಬೀದಿಯಲ್ಲಿ ದೂರವಾಗುವುದನ್ನು ನಾನು ಜಗಲಿಯ ಮೇಲಿಂದ ನೋಡುತ್ತಿದ್ದೆ. ಹೆಸರಿನ ಮುಂದಿನ ಆ ಮಾತು ನನಗೆ ಮೊದಲ ಸಲ ಭಾರವೆನ್ನಿಸಿತು. ಹಿಂದೆ ತಿರುಗಿದರೆ ಅವ್ವ ನಡುಮನೆಯ ಕಂಬ ಹಿಡಿದು ನಿಂತಿದ್ದಳು. ಅವಳೂ ಪುಟ್ಟಿಯನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ದಾದಿ ಕಣ್ಣು ಮುಚ್ಚಿ ಜಪಮಣಿ ಎಣಿಸುತ್ತಿದ್ದಾಗ ಅವ್ವ ಚಾದರ ಹೊದ್ದು, ನನ್ನ ಕೈ ಹಿಡಿದು ಹಿತ್ತಲ ಬಾಗಿಲಿಂದ ಹೊರಟಳು. ಎಲ್ಲಿಗೆ ಎಂದರೆ ಹೇಳಲಿಲ್ಲ. ಹೋದದ್ದು ಮಸೀದಿಗೆ. ಅಲ್ಲಿ ನಮಾಜು ಮಾಡಿಸುವ ಮುದುಕರೊಬ್ಬರಿದ್ದರು, ಎಲ್ಲರೂ ಹಜರತ್ ಎನ್ನುತ್ತಿದ್ದರು. ಬೇರೆ ಸೀಮೆಯವರು, ಕನ್ನಡ ಬಾರದು. ಅವ್ವನಿಗೆ ಉರ್ದು ಅಡುಗೆಮನೆಯ ಸಾಮಾನಿನ ಹೆಸರುಗಳಷ್ಟು ಮಾತ್ರ. ಅದಕ್ಕೇ ನನ್ನನ್ನು ಕರೆದುಕೊಂಡು ಹೋಗಿದ್ದಳು. ಅವಳು ಗೋಡೆಯ ಮರೆಗೆ ನಿಂತಳು, ಹಜರತ್ ಒಳಗಿನ ಕಟ್ಟೆಯ ಮೇಲೆ ಕೂತಿದ್ದರು, ನಡುವಿನ ಬಾಗಿಲಲ್ಲಿ ನಾನು. ಅವ್ವ ಮೆಲ್ಲಗೆ ಹೇಳಿಕೊಟ್ಟದ್ದನ್ನು ನಾನು ಉರ್ದುವಿಗೆ ಮಾಡಿ ಒಪ್ಪಿಸಬೇಕು. ಮನೆಯಲ್ಲಿ ಕಾಳಿಲ್ಲ ಎಂದು ಹೇಳಿದೆ, ಗಂಡನ ಕೆಲಸ ಹೋಯಿತು ಎಂದು ಹೇಳಿದೆ. ಅವರು ತಲೆಯಾಡಿಸಿ, ನೀವು ಸೈಯದರಲ್ಲವೇ ಮಗಳೇ, ಜಕಾತ್ ನಿಮಗೆ ಸಲ್ಲುವುದಿಲ್ಲವಲ್ಲ ಎಂದರು. ನಾನು ಅದನ್ನು ಗೋಡೆಯ ಮರೆಗೆ ಹೇಳಿದೆ. ಆಗ ಅವ್ವ, ನಾನೇನು ಹೇಳಬೇಕೆಂದು ಹೇಳಿಕೊಟ್ಟಳು. ಆಡಿದೆನೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ, ನಮ್ಮವ್ವ ಸೈಯದಾನಿ ಅಲ್ಲ ಎಂದೆ. ಹಜರತ್ ಕಿವಿಯ ಹಿಂದೆ ಕೈಯಿಟ್ಟು ಮುಂದಕ್ಕೆ ಬಾಗಿದರು.

“ಗಟ್ಟಿಯಾಗಿ ಹೇಳವ್ವ,” ಎಂದಳು ಅವ್ವ ಗೋಡೆಯ ಆಚೆಯಿಂದ. “ಅವ್ರಿಗೆ ಕೇಳ್ಬೇಕು. ಪಿಂಜಾರ್ರ ಮಗಳು ಅಂತ್ಲೂ ಹೇಳು. ಅದ್ರಾಗೆ ಮುಚ್ಚಿಡಾಕೆ ಏನೈತೆ?”

ನಾನು ಗಟ್ಟಿಯಾಗಿ ಹೇಳಿದೆ. ಅಡುಗೆಮನೆಯಲ್ಲಿ ಅವಳ ಮುಖಕ್ಕೆ ಎಸೆದಿದ್ದ ಅದೇ ಮಾತನ್ನು ಅವಳಿಗಾಗಿ, ಅವಳೇ ಹೇಳಿಕೊಟ್ಟಂತೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂದಿತ್ತು. ಮಗು ಹಸಿವಿಗೆ ಅಳುತ್ತಿದೆ ಎಂದುಕೊಂಡ ಹಜರತ್ ನಿಧಾನವಾಗಿ ವಿವರಿಸಿದರು. ಸೈಯದರ ಮನೆಗೆ ಸೊಸೆಯಾಗಿ ಬಂದ ಮಾತ್ರಕ್ಕೆ ಹೆಂಗಸು ಸೈಯದಾನಿ ಆಗುವುದಿಲ್ಲ. ಅವಳು ತನ್ನ ತಂದೆಯ ಮಗಳೇ. ಬಡವಳಾದರೆ ಜಕಾತ್ ಅವಳಿಗೆ ಸಲ್ಲುತ್ತದೆ. ಅವಳ ಕೈಗೆ ಬಂದ ಮೇಲೆ ಅದು ಅವಳ ಸ್ವತ್ತು. ತನ್ನ ಸ್ವತ್ತನ್ನು ಅವಳು ಯಾರಿಗೆ ಬೇಕಾದರೂ ಉಡುಗೊರೆಯಾಗಿ ಕೊಡಬಹುದು, ಸೈಯದರಿಗೂ. ಪೈಗಂಬರರ ಮನೆಯಲ್ಲೇ ಹೀಗೆ ನಡೆದಿತ್ತಂತೆ. ದಾಸ್ಯದಿಂದ ಬಿಡುಗಡೆಯಾದ ಬಡ ಹೆಂಗಸೊಬ್ಬಳಿಗೆ ಯಾರೋ ದಾನವಾಗಿ ಮಾಂಸ ಕೊಟ್ಟಿದ್ದರು, ಅವಳು ಅದನ್ನು ಆ ಮನೆಗೆ ಕೊಟ್ಟಳು. ಅವಳಿಗದು ದಾನ, ನಮಗೆ ಉಡುಗೊರೆ ಎಂದು ಪೈಗಂಬರರು ಅದನ್ನು ಸ್ವೀಕರಿಸಿದರಂತೆ. ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅವ್ವ ಇನ್ನೊಮ್ಮೆ ಹೇಳು ಎಂದಳು. ಎರಡನೆಯ ಸಲ ಹೇಳಿದ ಮೇಲೆ ಚಾದರದ ಅಂಚಿನಿಂದ ನನ್ನ ಮೂಗು ಒರೆಸಿ, ನಡಿ ಎಂದಳು. ದಾರಿಯಲ್ಲಿ ನಾನು ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ. ಅವತ್ತು ಅಂದಿದ್ದಕ್ಕೆ ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಬಾವಿಯ ಹತ್ತಿರ ಬಂದಾಗ ಅವಳೇ ಹೇಳಿದಳು:

“ನೀ ಅವತ್ತು ಅಂದಿದ್ದು ಸುಳ್ಳೇನಲ್ಲ. ಅಂದ ರೀತಿ ನಂಗೆ ನೋವಾತು, ಅಷ್ಟೇ. ಬಿಡು.”

ಅಲ್ಲಿಂದ ನೇರ ಜುಲೇಖಾಬಿಯ ಮನೆಗೆ ಹೋಗಿ, ಹಜರತ್ ಹೇಳಿದ್ದನ್ನು ಹೇಳಿ, ಪುಟ್ಟಿ ಜೋಳವನ್ನು ತಾನೇ ತಲೆಯ ಮೇಲಿಟ್ಟುಕೊಂಡು ಅವ್ವ ಬೀದಿಯ ನಡುವೆ ನಡೆದು ಬಂದಳು. ಹಿತ್ತಲ ಬಾಗಿಲಿಗೆ ಹೋಗಲಿಲ್ಲ, ಮುಂಬಾಗಿಲಿಂದಲೇ ಒಳಗೆ ಬಂದಳು. ದಾದಿ ಜಪಮಣಿಯಿಂದ ಕಣ್ಣೆತ್ತಿ ನೋಡಿದರು. ಮಧ್ಯಾಹ್ನವೆಲ್ಲ ಬೀಸುವ ಕಲ್ಲಿನ ಸದ್ದು. ಮೊದಲ ರೊಟ್ಟಿ ಯೂಸುಫನಿಗೆ, ಎರಡನೆಯದು ನನಗೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವ್ವ ಒಂದು ತಟ್ಟೆಯಲ್ಲಿ ಎರಡು ರೊಟ್ಟಿ, ಹುರಿದ ಸೊಪ್ಪು ಇಟ್ಟುಕೊಂಡು ನಡುಮನೆಗೆ ಬಂದು ದಾದಿಯ ಮಂಚದ ಮುಂದೆ ನಿಂತಳು. ಅವಳು ಅತ್ತೆಯ ಎದುರು ನಿಂತು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಇದು ಜಕಾತಿನ ಜ್ವಾಳ. ನಂಗೆ ಕೊಟ್ಟಿದ್ದು, ನಾ ತಗೊಂಡೀನಿ. ಈಗಿದು ನಂದು. ನಂದನ್ನ ನಿಮಗೆ ಉಡುಗೊರೆ ಕೊಡ್ತಾ ಇದೀನಿ ಅತ್ತೆ. ತಿನ್ನಾಕೆ ನಿಮಗೆ ಅಡ್ಡಿಯಿಲ್ಲ ಅಂತ ಹಜರತ್ತು ಹೇಳ್ಯಾರೆ. ತಿಂದ್ರೆ ನಂಗೆ ಸಂತೋಷ. ಬಿಟ್ರೆ ನಿಮ್ಮಿಷ್ಟ.”

ತಟ್ಟೆ ಇಟ್ಟು ಅಡುಗೆಮನೆಗೆ ಹೋದಳು. ದಾದಿ ನೀರು ಕುಡಿದು, ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಂಡು ಮಲಗಿದರು. ಮರುದಿನವೂ ತಟ್ಟೆ ಹಾಗೇ ಉಳಿಯಿತು. ಮೂರನೆಯ ದಿನ ಶುಕ್ರವಾರ, ಅಬ್ಬ ಬಂದರು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವ್ವ ಅವರಿಗೂ ಅದೇ ಮಾತು ಹೇಳಿ ತಟ್ಟೆ ಕೊಟ್ಟಳು. ಅಬ್ಬ ತಟ್ಟೆಯನ್ನು ಎರಡೂ ಕೈಗಳಿಂದ ತೆಗೆದುಕೊಂಡು, ದಾದಿಗೆ ಕಾಣುವಂತೆ ಜಗಲಿಯ ಮೇಲೆ ಕೂತು ಕೊನೆಯ ತುಣುಕಿನವರೆಗೂ ತಿಂದರು. ಶನಿವಾರ ದಾದಿಗೆ ಏಳಲು ಆಗಲಿಲ್ಲ. ಉಪವಾಸ ಬಿಡುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದು ಹಜರತ್ ಏನೇನು ಹೇಳಿದರು ಎಂದು ಕೇಳಿದರು. ಮೂರು ಸಲ ಹೇಳಿಸಿದರು. ಆ ಬಿಡುಗಡೆಯಾದ ಹೆಂಗಸಿನ ಕತೆ ಬಂದಾಗ ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದರು. ಆ ಕತೆ ಅವರಿಗೆ ಮೊದಲೇ ಗೊತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆಮೇಲೆ ಹೇಳಿದರು:

“ಉಡುಗೊರೆಯನ್ನು ಕೊಡುವವರ ಕೈಯಿಂದಲೇ ತೆಗೆದುಕೊಳ್ಳಬೇಕು. ಹೋಗಿ ಇಮಾಂಬಿಯನ್ನು ಕರಿ.”

ನಾನು ಅಡುಗೆಮನೆಗೆ ಓಡಿ, ದಾದಿ ನಿನ್ನ ಹೆಸರು ಹೇಳಿದರು ಎಂದೆ. ಅವ್ವ ಕೈ ತೊಳೆದುಕೊಂಡು ಬಂದಳು. ದಾದಿ ಮಂಚದ ಮೇಲೆ ಜಾಗ ತೋರಿಸಿದರು. ಅವ್ವ ಅಂಚಿಗೆ ಕೂತು ರೊಟ್ಟಿ ಮುರಿದು ಕೈಗಿಟ್ಟಳು. ದಾದಿ ‘ಕಬೂಲ್’ ಎಂದು, ಒಪ್ಪಿದೆ ಎಂಬರ್ಥದ ಆ ಒಂದೇ ಮಾತು ಹೇಳಿ, ತಿಂದರು. ಅವತ್ತಿನಿಂದ ದಾದಿ ಬದಲಾದರು ಎಂದು ಬರೆದರೆ ಸುಳ್ಳಾಗುತ್ತದೆ. ಎರಡೇ ದಿನಕ್ಕೆ ರೊಟ್ಟಿ ದಪ್ಪವಾಯಿತು ಎಂದು ಗೊಣಗಿದರು. ಆದರೆ ಗೊಣಗಿದ್ದು ಇಮಾಂಬಿಯ ಹೆಸರು ಹಿಡಿದು. ಊಟಕ್ಕೆ ಅವ್ವನಿಗೂ ನಡುಮನೆಯಲ್ಲಿ ಚಾಪೆ ಬಿತ್ತು. ಅವಳು ಬಹಳ ದಿನ ಆ ಚಾಪೆಯ ತುದಿಯಲ್ಲಿ, ಯಾರಾದರೂ ಕರೆದರೆ ಏಳಲು ಅನುಕೂಲವಾಗುವಂತೆ ಕೂರುತ್ತಿದ್ದಳು.

ಯುದ್ಧ ಮುಗಿದು ತವರ ಬಂತು, ತಿದಿ ಅಟ್ಟದಿಂದ ಇಳಿಯಿತು. ನನಗೆ ಹದಿನೈದು ನಡೆಯುತ್ತಿದ್ದಾಗ ಚನ್ನಗಿರಿಯ ಸೈಯದರ ಮನೆಯಿಂದ ಹೆಣ್ಣು ನೋಡಲು ಮೂವರು ಹೆಂಗಸರು ಬಂದರು. ಗಟ್ಟಿ ಮನೆತನ, ಹುಡುಗ ಓದಿದವನು. ಶರಬತ್ತು ಕುಡಿದಾದ ಮೇಲೆ ಅವರಲ್ಲಿ ಹಿರಿಯಾಕೆ, ಹುಡುಗಿ ತಂದೆ ತಾಯಿ ಎರಡೂ ಕಡೆಯಿಂದ ಸೈಯದಾನಿ ತಾನೇ ಎಂದು ಕೇಳಿದರು. ಪರದೆಯ ಹಿಂದೆ ಅವ್ವ ಉಸಿರು ಬಿಗಿಹಿಡಿದದ್ದು ಪಕ್ಕದಲ್ಲಿದ್ದ ನನಗೆ ತಿಳಿಯಿತು. ಹೌದೆಂದು ಹೇಳಿದ್ದರೆ ಅಷ್ಟು ದೂರದವರಿಗೆ ಗೊತ್ತಾಗುವಂತಿರಲಿಲ್ಲ. ದಾದಿ ಬೆನ್ನು ನೆಟ್ಟಗೆ ಮಾಡಿ ಕೂತರು.

“ತಂದೆ ಕಡೆಯಿಂದ ಸೈಯದಾನಿ. ತಾಯಿ ಜಗಳೂರಿನ ಪಿಂಜಾರರ ಮಗಳು. ಒಂದು ರಂಜಾನ್‌ನಲ್ಲಿ ನಮ್ಮೆಲ್ಲರ ಜೀವ ಉಳಿದದ್ದು ಆಕೆ ಕೊಟ್ಟ ರೊಟ್ಟಿಯಿಂದ. ಅದನ್ನೂ ತಿಳಿದುಕೊಂಡು ಹೋಗಿ.”

ಅವರು ಮರ್ಯಾದೆಯಿಂದಲೇ ಎದ್ದು ಹೋದರು, ಮತ್ತೆ ಬರಲಿಲ್ಲ. ಒಳ್ಳೆಯ ಸಂಬಂಧ ತಪ್ಪಿತೆಂದು ದಾದಿ ಇಡೀ ದಿನ ಎಲ್ಲರ ಮೇಲೂ ಹರಿಹಾಯ್ದರು, ಅವ್ವನ ಮೇಲೂ. ಅವ್ವ ಮಾತ್ರ ಅವತ್ತು ಏನೂ ಕೇಳಿಸದವಳಂತೆ ಅವರ ಕಾಲು ಒತ್ತುತ್ತ ಕೂತಿದ್ದಳು. ಮುಂದಿನ ಚಳಿಗಾಲದಲ್ಲಿ ದಾದಿ ತೀರಿಕೊಂಡರು.

ನನ್ನ ಮದುವೆ ಹೊನ್ನಾಳಿಯ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟರ ಜೊತೆ ಆಯಿತು. ಅವರು ಸೈಯದರಲ್ಲ. ಆ ಪದ ತಂದೆಯಿಂದ ಇಳಿಯುವಂಥದ್ದು, ಆದ್ದರಿಂದ ನನ್ನ ಮಕ್ಕಳಿಗೂ ಇಲ್ಲ. ನಮ್ಮತ್ತೆ ತುಂಬ ಒಳ್ಳೆಯ ಹೆಂಗಸು, ದೇವರಿಗೆ ಅಂಜುವವರು. ತಮ್ಮ ಮನೆಗೆ ಸೈಯದಾನಿ ಬಂದಳೆಂದು ನನಗೊಂದು ಬೇರೆ ಚಾಪೆ, ಬೇರೆ ಲೋಟ. ನೀರು ಸೇದಗೊಡುತ್ತಿರಲಿಲ್ಲ, ಮುಸುರೆ ಮುಟ್ಟಗೊಡುತ್ತಿರಲಿಲ್ಲ. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ನನ್ನ ಮುಂದೆ ಮಾತು ಕಡಿಮೆ ಮಾಡಿ, ನಾನು ಎದ್ದು ಹೋದ ಮೇಲೆ ತಮ್ಮ ಮಗಳ ಜೊತೆ ನಗುತ್ತಿದ್ದರು. ಅಷ್ಟು ಗೌರವದ ನಡುವೆ ನಾನು ಹಗಲೆಲ್ಲ ನ್ಯಾಮತಿಯನ್ನು ನೆನೆಯುತ್ತ ಕೂರುತ್ತಿದ್ದೆ. ಹೊಗೆ ಹಿಡಿದ ಆ ಅಡುಗೆಮನೆಗೆ ಹೋಗಿ ಅವ್ವನ ಬೆನ್ನಿಗೆ ಬೆನ್ನು ತಾಗಿಸಿ ಕೂರಬೇಕು ಅನ್ನಿಸುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಅವ್ವ ನನ್ನನ್ನು ನೋಡಲು ಬಂದಳು. ನಮ್ಮತ್ತೆ ಸೈಯದಾನಿಯ ತಾಯಿ ಎಂದು ತಲೆಬಾಗಿ ಸಲಾಂ ಹೇಳಿ, ನನ್ನ ಚಾಪೆಯ ಪಕ್ಕ ಅಂಥದೇ ಇನ್ನೊಂದು ಹಾಸಿದರು. ಅವ್ವ ಕೂರಲಿಲ್ಲ. ನಾನು ಪಿಂಜಾರ್ರ ಮಗಳು ಕಣ್ರೀ, ನಂಗ್ಯಾಕೆ ಇದು ಎಂದು ನಗುತ್ತ ಅತ್ತೆಯ ಹಿಂದೆಯೇ ಅಡುಗೆಮನೆಗೆ ಹೋದಳು. ಅತ್ತೆಯ ತವರೂ ಜಗಳೂರಿನ ಕಡೆಯ ಹಳ್ಳಿಯೇ ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಗೋಡೆಯ ಆಚೆಯಿಂದ ಅವರಿಬ್ಬರ ಮಾತು, ನಗು. ನಾನು ನನ್ನ ಚಾಪೆಯ ಮೇಲೆ ಒಬ್ಬಳೇ ಕೂತು ಕೇಳುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ದನಿ ತಗ್ಗಿಸಿ, ನಿಮ್ಮ ಮಗಳಿಗೆ ಕೆಲಸ ಹೇಳಲು ನನಗೆ ಹೆದರಿಕೆ, ಸೈಯದರ ಹುಡುಗಿ, ಏನಾದರೂ ಅಂದು ಪಾಪ ಕಟ್ಟಿಕೊಂಡರೆ ಎಂದು ಕಷ್ಟ ಹೇಳಿಕೊಂಡರು. ಅವ್ವ ಹೇಳಿದಳು:

“ಕೆಲ್ಸ ಹೇಳ್ರಿ ಅಕ್ಕಾರೆ. ತಪ್ಪು ಮಾಡಿದ್ರೆ ಬೈರಿ. ಇಲ್ಲಾಂದ್ರೆ ಅವ್ಳು ಈ ಮನೇಲಿ ಒಬ್ಳೇ ಆಗ್ತಾಳೆ. ತುಂಬಿದ ಮನ್ಯಾಗೆ ಒಬ್ಳೇ ಇರಾದು ಹೆಂಗಿರ್ತೈತೆ ಅಂತ ನಂಗೆ ಗೊತ್ತು.”

ಗೋಡೆಯ ಆಚೆ ಒಲೆಗೆ ಸೌದೆ ತಳ್ಳಿದ ಸದ್ದು. ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡು, ಹೊಸದಾಗಿ ಕಲಿತವರಂತೆ ಸ್ವಲ್ಪ ಜೋರಾಗಿಯೇ ಕೂಗಿದರು:

“ಏನೇ, ಅಲ್ಲೇ ಕುಂತ್ಕಂಡಿರ್ತೀಯೇನೆ? ಬಾ ಇಲ್ಲಿ, ನಿಮ್ಮವ್ವನ ಕೈಲಿ ಕೆಲ್ಸ ಮಾಡ್ಸಬ್ಯಾಡ.”

ನಾನು ಎದ್ದು ಓಡಿದೆ.